ಮಿಠಾಯಿಯ ಮೂಲ ಕೇಳಿದರೆ ಜಿಹಾದೇ?

ನಮ್ಮ ಮಲೆನಾಡಿನ ಸಿಹಿತಿಂಡಿಗಳಿಗೆ ಒಂದು ಕಾಲದಲ್ಲಿ ವಿಳಾಸವಿತ್ತು. ಹಾಲುಬಾಯಿಯ ಅಕ್ಕಿ ಯಾರ ಗದ್ದೆಯದು, ಬೆಲ್ಲ ಯಾವ ಆಲೆಮನೆಯದು, ತೆಂಗಿನಕಾಯಿ ಯಾರ ಹಿತ್ತಲಿನದು ಎಂಬುದು ತಿನ್ನುವವರಿಗೆ ಗೊತ್ತಿರುತ್ತಿತ್ತು. ಜಾತ್ರೆಯಿಂದ ತಂದ ಬೆಂಡು-ಬತ್ತಾಸಿನಲ್ಲಿ ಸಕ್ಕರೆ ಬಿಟ್ಟು ಬೇರೇನಿದ್ದೀತು ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದನ್ನು ಮಾರುತ್ತಿದ್ದವನು ಸಾಬಿಯೋ ಶೆಟ್ಟಿಯೋ ಎಂದು ಕೇಳುವ ರೋಗವೂ ಆಗ ಈ ಘಟ್ಟಕ್ಕೆ ಹತ್ತಿರಲಿಲ್ಲ.

ಇಂದು ಸಕಲೇಶಪುರ ಪೇಟೆಯ ಬೇಕರಿಗಳಿಂದ ಹಿಡಿದು ಹಾನುಬಾಳು, ಶುಕ್ರವಾರಸಂತೆ, ಮಗ್ಗೆ, ಪಾಳ್ಯದ ಪೆಟ್ಟಿಗೆ ಅಂಗಡಿಗಳವರೆಗೆ ಎಲ್ಲೆಡೆ ನೇತಾಡುವುದು ವಿಳಾಸವಿಲ್ಲದ ಸಿಹಿ. ಕಾಫಿ ತೋಟದ ಲೈನ್‌ಮನೆಯ ಮಗು ಎರಡು ರೂಪಾಯಿ ಕೊಟ್ಟು ಕೊಳ್ಳುವ ಜೆಲ್ಲಿ, ಬೆಳೆಗಾರರ ಮನೆಯ ಹುಟ್ಟುಹಬ್ಬದ ಕೇಕಿನ ಮೇಲಿನ ಮಾರ್ಷ್‌ಮೆಲೋ, ಕೊಲ್ಲಿ ದೇಶದಿಂದ ರಜೆಗೆ ಬಂದ ಮಗ ತಾಯಿಯ ಮಡಿಲಿಗೆ ಸುರಿಯುವ ಹೊಳೆಯುವ ಚಾಕೊಲೇಟ್ ಡಬ್ಬಿ, ಇವೆಲ್ಲದರ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಒಂದಷ್ಟು ಇಂಗ್ಲಿಷ್ ಪದಗಳು, ಒಂದಷ್ಟು ಅಂಕಿಗಳು ಇರುತ್ತವೆ. ಐಎನ್‌ಎಸ್ 471, 631, 120, 904. ಓದಬಲ್ಲವರಿಗೂ ಅರ್ಥವಾಗದ, ಅರ್ಥ ಗೊತ್ತಿದ್ದವರಿಗೂ ಉತ್ತರ ಸಿಗದ ಬರಹವಿದು. ಅಸ್ಸಾಮಿನಿಂದ ತೋಟದ ಕೂಲಿಗೆ ಬಂದ ಕುಟುಂಬಗಳಿಗಂತೂ ಅದು ಬರೀ ಇರುವೆ ಸಾಲು.

471 ಎಂದರೆ ಕೊಬ್ಬಿನಿಂದ ತೆಗೆದ ಒಂದು ಪದಾರ್ಥ. ಬ್ರೆಡ್ಡು ಮೆತ್ತಗಿರಲು, ಐಸ್‌ಕ್ರೀಮು ನುಣುಪಾಗಿರಲು ಹಾಕುತ್ತಾರೆ. ಕೊಬ್ಬು ತಾಳೆ ಎಣ್ಣೆಯದೂ ಇರಬಹುದು, ದನದ್ದೂ ಇರಬಹುದು, ಹಂದಿಯದೂ ಇರಬಹುದು. ಅಂಕಿ ಮಾತ್ರ ಅದೇ. 120 ಎಂದರೆ ಕೆಂಪು ಬಣ್ಣ. ದಕ್ಷಿಣ ಅಮೆರಿಕದ ಪೆರು ಮುಂತಾದ ಕಡೆ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೀಟವನ್ನು ಒಣಗಿಸಿ ಅರೆದು ತೆಗೆಯುತ್ತಾರೆ. ಒಂದು ಕಿಲೋ ಒಣ ಕೀಟಕ್ಕೆ ಸುಮಾರು ಒಂದೂವರೆ ಲಕ್ಷ ಜೀವ. ‘ನೈಸರ್ಗಿಕ ಬಣ್ಣ’ ಎಂದು ಬರೆದುಕೊಳ್ಳುವ ಹಕ್ಕು ಅದಕ್ಕಿದೆ, ಅದೂ ಸುಳ್ಳಲ್ಲ! 904 ಅರಗು. ಅದು ಕೀಟ ಸ್ರವಿಸಿದ್ದು, ಮಿಠಾಯಿಯ ಹೊಳಪಿಗೆ. 631 ರುಚಿ ಹೆಚ್ಚಿಸುವ ಪುಡಿ, ಮೀನು-ಮಾಂಸದಿಂದಲೂ ಆಗುತ್ತದೆ, ಮರಗೆಣಸಿನ ಹುದುಗಿನಿಂದಲೂ ಆಗುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಜಿಲೆಟಿನ್. ಪ್ರಾಣಿಗಳ ಚರ್ಮ ಮತ್ತು ಮೂಳೆಯನ್ನು ಕುದಿಸಿ ತೆಗೆದ ಅಂಟು. ಯುರೋಪಿನಲ್ಲಿ ಇದಕ್ಕೆ ಹಂದಿ ಚರ್ಮವೇ ಮುಖ್ಯ ಕಚ್ಚಾವಸ್ತು. ನಮ್ಮ ದೇಶದಲ್ಲಿ ಹೆಚ್ಚಾಗಿ ಎಮ್ಮೆ-ದನಗಳ ಮೂಳೆ. ಇದೇನೂ ಕಣ್ಣಿಗೆ ಕಾಣದ ದೂರದ ವ್ಯಾಪಾರವಲ್ಲ. ಪಕ್ಕದ ಕೇರಳದ ತ್ರಿಶೂರು ಜಿಲ್ಲೆಯ ಕಾದಿಕುಡಂನಲ್ಲಿ ಮೂಳೆ ಸಂಸ್ಕರಿಸುವ ದೊಡ್ಡ ಕಾರ್ಖಾನೆಯಿದೆ. ಅದರ ತ್ಯಾಜ್ಯದಿಂದ ಚಾಲಕುಡಿ ನದಿ ಕೆಡುತ್ತಿದೆ ಎಂದು ಅಲ್ಲಿನ ಜನ ವರ್ಷಗಟ್ಟಲೆ ಚಳವಳಿ ನಡೆಸಿದ್ದಾರೆ. ಮೂಳೆಚೂರನ್ನು ಆಮ್ಲದಲ್ಲಿ ನೆನೆಸಿ ಸುಣ್ಣದಂಶ ತೆಗೆದು, ಉಳಿದ ಮೆತ್ತನೆ ಭಾಗವನ್ನು ಕಾಯಿಸಿದರೆ ಜಿಲೆಟಿನ್ ಬರುತ್ತದೆ. ಔಷಧಿಯ ಕ್ಯಾಪ್ಸೂಲಿಗೆ, ಮಿಠಾಯಿಗೆ, ಕೇಕಿನ ಅಲಂಕಾರಕ್ಕೆ ಅದು ಬೇಕು.

ಇಲ್ಲಿ ಒಂದು ಮಾತು. ಕರಾವಳಿ ಮತ್ತು ಮಲೆನಾಡಿನ ರಸ್ತೆಗಳಲ್ಲಿ ಒಂದು ಹೋರಿಯನ್ನು ವಾಹನದಲ್ಲಿ ಸಾಗಿಸುವವನಿಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. 2016ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯ ಕೆಂಜೂರಿನಲ್ಲಿ ದನ ಸಾಗಿಸುತ್ತಿದ್ದ ಹಿಂದೂ ಯುವಕನೊಬ್ಬನನ್ನೇ, ಅದೂ ಬಿಜೆಪಿ ಕಾರ್ಯಕರ್ತನನ್ನು, ಗೋರಕ್ಷಕರೆನಿಸಿಕೊಂಡವರು ಹೊಡೆದು ಕೊಂದರು. ಆದರೆ ಮೂಳೆಗೆ ಯಾವ ತಪಾಸಣಾ ಠಾಣೆಯೂ ಇಲ್ಲ. ನಡೆದು ಹೋಗುವ ದನಕ್ಕೆ ಕೇಸರಿ ಶಾಲಿನ ಕಾವಲು. ಪುಡಿಯಾಗಿ ಪ್ಯಾಕೆಟ್ಟಿನಲ್ಲಿ ಮರಳಿ ಬರುವಾಗ ಅದು ಬರೀ ‘ಸ್ಥಿರಕಾರಿ’. ದನದ ಮೇಲೆ ಅಷ್ಟು ಕಾಳಜಿಯುಳ್ಳವರು ಒಮ್ಮೆಯಾದರೂ ಒಂದು ಮಿಠಾಯಿ ಕಾರ್ಖಾನೆಯ ಮುಂದೆ ಕುಳಿತು ‘ಇದು ಯಾವುದರ ಮೂಳೆ?’ ಎಂದು ಕೇಳಿದ್ದುಂಟೇ?

ಕಾನೂನು ಏನು ಹೇಳುತ್ತದೆ ಎಂದು ನೋಡೋಣ. 2001-02ರ ಹೊತ್ತಿಗೆ ನಮ್ಮ ದೇಶದ ಆಹಾರ ಪೊಟ್ಟಣಗಳ ಮೇಲೆ ಹಸಿರು ಮತ್ತು ಕಂದು ಚುಕ್ಕೆಗಳು ಬಂದವು. ಒಳ್ಳೆಯ ಹೆಜ್ಜೆ. ಬಣ್ಣ ಗುರುತಿಸಲಾಗದವರಿಗೆ ಅನುಕೂಲವಾಗಲೆಂದು 2020ರ ನಿಯಮಗಳಲ್ಲಿ ಕಂದು ಚುಕ್ಕೆ ಕಂದು ತ್ರಿಕೋನವಾಯಿತು. ಅದೂ ಒಳ್ಳೆಯದೇ. ಆದರೆ ಆ ತ್ರಿಕೋನ ಹೇಳುವುದೇನು? ಇದರೊಳಗೆ ಹಾಲು, ಜೇನು, ಅರಗು ಮುಂತಾದ ಕೆಲವನ್ನು ಬಿಟ್ಟು ಯಾವುದೋ ಒಂದು ಪ್ರಾಣಿಯದು ಏನೋ ಒಂದು ಇದೆ ಎಂದು. ಮೊಟ್ಟೆ ಹಾಕಿದ ಕೇಕಿಗೂ ಅದೇ ತ್ರಿಕೋನ, ಮೀನಿನ ಅಂಟು ಹಾಕಿದ್ದಕ್ಕೂ ಅದೇ, ಹಂದಿಯ ಜಿಲೆಟಿನ್ನಿಗೂ ಅದೇ, ದನದ ಜಿಲೆಟಿನ್ನಿಗೂ ಅದೇ.

ಈ ಚಿಹ್ನೆಯನ್ನು ರೂಪಿಸಿದವರ ಕಣ್ಣ ಮುಂದೆ ಇದ್ದವನು ಶುದ್ಧ ಸಸ್ಯಾಹಾರಿ ಒಬ್ಬನೇ. ಅವನಿಗೆ ತ್ರಿಕೋನ ಸಾಕು. ಆದರೆ ಈ ದೇಶದಲ್ಲಿ, ಈ ತಾಲೂಕುಗಳಲ್ಲಿ, ಹೆಚ್ಚಿನವರು ಮಾಂಸಾಹಾರಿಗಳು. ಸಕಲೇಶಪುರದ ಗೌಡರ ಮನೆಯಲ್ಲಿ ಕುರಿ, ಕೋಳಿ, ಹಂದಿ ನಡೆಯುತ್ತದೆ, ದನ ನಡೆಯುವುದಿಲ್ಲ. ಅದೇ ಊರಿನ ಬ್ಯಾರಿಯ ಮನೆಯಲ್ಲಿ ಕುರಿ, ಕೋಳಿ, ಮೀನು ನಡೆಯುತ್ತದೆ. ಹಂದಿಯ ಹೆಸರೆತ್ತುವಂತಿಲ್ಲ, ಉಳಿದದ್ದರಲ್ಲೂ ಜಬೀಹ ಆಗಿರಬೇಕು. ಇವರಿಬ್ಬರ ಮುಂದೆ ಒಂದೇ ಕಂದು ತ್ರಿಕೋನವನ್ನು ಇಟ್ಟು ‘ತಿಳಿಸಿದ್ದೇವೆ, ಇನ್ನು ನಿಮ್ಮಿಷ್ಟ’ ಎನ್ನುವುದು ತಿಳಿಸಿದಂತಲ್ಲ, ಮುಚ್ಚಿಟ್ಟಂತೆ.

ಇತಿಹಾಸ ಓದಿದವರಿಗೆ ಇಲ್ಲಿ ಒಂದು ನೆನಪು ಬರಲೇಬೇಕು. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದೆ ಎಂಬ ಸುದ್ದಿ ಹಬ್ಬಿದಾಗ ಕಂಪೆನಿ ಸರಕಾರ ಮಾಡಿದ್ದೂ ಇದನ್ನೇ. ಯಾವ ಕೊಬ್ಬು ಎಂಬ ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ. ಹಿಂದೂ ಸಿಪಾಯಿ ಒಂದು ಕಾರಣಕ್ಕೆ, ಮುಸ್ಲಿಮ್ ಸಿಪಾಯಿ ಇನ್ನೊಂದು ಕಾರಣಕ್ಕೆ ಅದೇ ತೋಟಾವನ್ನು ಕಚ್ಚಲು ನಿರಾಕರಿಸಿದ. ಅವರಲ್ಲಿ ಯಾರೂ ಇನ್ನೊಬ್ಬನ ಕಾರಣವನ್ನು ಅಳೆಯಲು ಹೋಗಲಿಲ್ಲ. ಬಾಯಿಗೆ ಹೋಗುವುದರ ಮೂಲ ತಿಳಿಯುವ ಹಕ್ಕು ಎಂಬುದು ನಮ್ಮಲ್ಲಿ ಇವತ್ತು ಹುಟ್ಟಿದ್ದಲ್ಲ.

ನಿಯಮದ ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. 2011ರ ಲೇಬಲ್ ನಿಯಮಗಳ ಪ್ರಕಾರ ಹಂದಿಕೊಬ್ಬು, ದನದ ಕೊಬ್ಬು ಬಳಸಿದರೆ ಹೆಸರು ಹಿಡಿದೇ ಬರೆಯಬೇಕಿತ್ತು. ಅದೇ ನಿಯಮ ಜಿಲೆಟಿನ್ ವಿಷಯಕ್ಕೆ ಬಂದಾಗ ‘ಜಿಲೆಟಿನ್ - ಪ್ರಾಣಿಮೂಲ’ ಎಂದು ಬರೆದರೆ ಸಾಕು ಎನ್ನುತ್ತಿತ್ತು. ಪ್ರಾಣಿಮೂಲ! ಜಿಲೆಟಿನ್ ಇನ್ನೆಲ್ಲಿಂದ ಬಂದೀತು, ಬಾಳೆಗಿಡದಿಂದಲೇ? ಕೊಬ್ಬಿನ ಹೆಸರು ಹೇಳಲು ಬರುವ ಕಂಪೆನಿಗೆ ಮೂಳೆಯ ಹೆಸರು ಹೇಳಲು ಯಾಕೆ ಬರುವುದಿಲ್ಲ?

ಘಟ್ಟದ ಮೇಲಿನ ಒಂದು ಬೇಕರಿಯಲ್ಲಿ ನಾವು ಮಾರ್ಷ್‌ಮೆಲೋ ಅಂಟಿಸಿದ ಕೇಕಿನ ಬಗ್ಗೆ ವಿಚಾರಿಸಿದೆವು. ‘ಶುದ್ಧ ಸಸ್ಯಾಹಾರಿ’ ಎಂಬ ಹಸಿರು ಬೋರ್ಡಿನ ಅಂಗಡಿ.

“ಏನಿಲ್ಲ ಸಾಬ್ರೇ, ಎಗ್‌ಲೆಸ್ಸು. ಧೈರ್ಯವಾಗಿ ತಗೊಂಡೋಗಿ” ಎಂದರು ಮಾಲಕರು.

“ಮೇಲೆ ಅಂಟಿಸಿದ್ದೀರಲ್ಲ ಅಣ್ಣಾ, ಅದು?”

“ಅದಾ, ಪ್ಯಾಕೆಟಲ್ಲಿ ಬರುತ್ತೆ. ನಾವೇನು ಮಾಡೋದಲ್ಲ.”

ಪ್ಯಾಕೆಟ್ ತರಿಸಿ ನೋಡಿದರೆ ಕಂದು ತ್ರಿಕೋನ, ಒಳಗೆ ಜಿಲೆಟಿನ್. ಮೊಟ್ಟೆಯನ್ನೂ ಮುಟ್ಟದ ಆ ಮನುಷ್ಯನ ಮುಖ ಸಣ್ಣದಾಯಿತು. “ಇದು ಯಾವುದರದ್ದು ಸಾಬ್ರೇ?” ಎಂದು ನಮ್ಮನ್ನೇ ಕೇಳಿದರು. ಪ್ಯಾಕೆಟ್ಟಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ದಿನ ಆ ಅಂಗಡಿಯಲ್ಲಿ ಮೋಸಹೋದವರು ನಾವೊಬ್ಬರೇ ಅಲ್ಲ. ವರ್ಷದಿಂದ ಅದನ್ನೇ ಕೈಯಾರೆ ಮುಟ್ಟಿ ಅಂಟಿಸುತ್ತಿದ್ದ ಅವರೂ ಹೌದು.

ಹಾಸನ ಜಿಲ್ಲೆಯವರಿಗೆ ಇದು ಹೊಸ ಪಾಠವಾಗಬೇಕಿಲ್ಲ. ಕರ್ನಾಟಕದ ಬೀದಿಬೀದಿಯಲ್ಲಿರುವ ಅಯ್ಯಂಗಾರ್ ಬೇಕರಿಗಳ ಬೇರು ಇದೇ ಜಿಲ್ಲೆಯಲ್ಲಿದೆ. ಹಾಸನ ಸೀಮೆಯಿಂದ ಹೋದ ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಬ್ರೆಡ್ಡು-ಬಿಸ್ಕತ್ತು ಎಂದರೆ ಮ್ಲೇಚ್ಛರ ತಿನಿಸು ಎನ್ನುತ್ತಿದ್ದ ಕಾಲದಲ್ಲಿ, ಮೊಟ್ಟೆ ಹಾಕದ, ಯಾರ ಕೈಯದೆಂದು ಗೊತ್ತಿರುವ ಬ್ರೆಡ್ಡನ್ನು ಅವರು ಮಾಡಿ ಮಾರಿದರು. ಆನಂತರ ಹಾಸನದ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಅದೇ ದಾರಿ ಹಿಡಿದು ಊರೂರಿಗೆ ಹೋದವು. ‘ಅಯ್ಯಂಗಾರ್’ ಎಂಬ ಆ ಬೋರ್ಡು ಏನು? ಅದೊಂದು ಧಾರ್ಮಿಕ ಪ್ರಮಾಣಪತ್ರ. ಒಳಗೆ ಏನಿದೆ, ಏನಿಲ್ಲ ಎಂದು ಗಿರಾಕಿಗೆ ಕೊಟ್ಟ ಮಾತು. ನೂರ ಇಪ್ಪತ್ತೈದಕ್ಕೂ ಹೆಚ್ಚು ವರ್ಷದಿಂದ ಮುಸ್ಲಿಮರೂ ಆ ಬೋರ್ಡನ್ನು ನಂಬಿ ಖಾರಾ ಬನ್ನು, ದಿಲ್‌ಪಸಂದು ತಿನ್ನುತ್ತಿದ್ದೇವೆ. ಅದನ್ನು ಆರ್ಥಿಕ ಯುದ್ಧ ಎಂದು ಯಾರೂ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಆದರೆ ಅದೇ ಮಾತನ್ನು ಅರಬಿ ಪದದಲ್ಲಿ ಹೇಳಿದ ಕೂಡಲೇ ದೇಶಕ್ಕೆ ಅಪಾಯ ಬರುತ್ತದೆ! 2022ರ ಯುಗಾದಿಯ ಹೊತ್ತಿಗೆ ನಡೆದದ್ದನ್ನು ನಾವು ಮರೆತಿಲ್ಲ. ಆಗ ಬಿಜೆಪಿಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾಗಿದ್ದ, ನಮ್ಮ ಪಕ್ಕದ ಚಿಕ್ಕಮಗಳೂರಿನ ಸಿ.ಟಿ. ರವಿ ಅವರು ಹಲಾಲ್ ಅನ್ನು ‘ಆರ್ಥಿಕ ಜಿಹಾದ್’ ಎಂದರು. ಹೊಸತೊಡಕಿಗೆ ಮುಸ್ಲಿಮರ ಅಂಗಡಿಯಿಂದ ಮಾಂಸ ಕೊಳ್ಳಬೇಡಿ ಎಂದು ಕರಪತ್ರಗಳು ಹಂಚಲ್ಪಟ್ಟವು. ಅದೇ ತಿಂಗಳುಗಳಲ್ಲಿ ಜಾತ್ರೆಗಳಿಂದ ಮುಸ್ಲಿಮ್ ವ್ಯಾಪಾರಿಗಳನ್ನು ಹೊರಗಿಡುವ ಬ್ಯಾನರುಗಳು ಎದ್ದವು. ಬೆಂಡು-ಬತ್ತಾಸು ಮಾರುವವನೂ, ಬಳೆ ಮಾರುವವಳೂ ಇದ್ದಕ್ಕಿದ್ದಂತೆ ಶತ್ರುಗಳಾದರು. ನಮ್ಮ ಜಿಲ್ಲೆಯ ಬೇಲೂರಿನಲ್ಲಿ ಚೆನ್ನಕೇಶವನ ರಥದ ಮುಂದೆ ಕುರಾನ್ ಪಠಿಸುವ ಹಳೆಯ ರೂಢಿ ಆ ವರ್ಷವೂ ತಪ್ಪಲಿಲ್ಲ ಎಂಬುದೊಂದೇ ಆಗ ನಮಗೆ ಉಸಿರಾಡಲು ಸಿಕ್ಕ ಜಾಗ.

ಹಲಾಲ್ ಎಂಬ ಮುದ್ರೆ ಮುಸ್ಲಿಮ್ ಗಿರಾಕಿಗೆ ಒಂದು ಮಾಹಿತಿ. ಬೇಡದವನು ಬಿಡಬಹುದು. ‘ಇದರಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇಲ್ಲ, ಜೈನರಿಗೆ ಯೋಗ್ಯ’ ಎಂದು ಬರೆದ ಹಾಗೆಯೇ ಇದೂ. ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಹಣ ಪಡೆಯುತ್ತವೆ, ಅದರ ಲೆಕ್ಕ ಬೇಕು ಎಂದರೆ ನಾವೂ ಒಪ್ಪುತ್ತೇವೆ. ಯಾವ ಸಂಸ್ಥೆಯ ಲೆಕ್ಕವೂ ತೆರೆದಿರಬೇಕು. ಆದರೆ 2023ರ ನವೆಂಬರಿನಲ್ಲಿ ಉತ್ತರ ಪ್ರದೇಶ ಸರಕಾರ ಮಾಡಿದ್ದೇನು? ಹಲಾಲ್ ಮುದ್ರೆಯ ಆಹಾರ ಪದಾರ್ಥಗಳ ತಯಾರಿ, ದಾಸ್ತಾನು, ಮಾರಾಟವನ್ನೇ ನಿಷೇಧಿಸಿತು. ರಫ್ತಿಗೆ ಮಾತ್ರ ವಿನಾಯಿತಿ. ಅಂದರೆ ದುಬೈಯ ಮುಸ್ಲಿಮನಿಗೆ ತಾನು ತಿನ್ನುವುದು ಏನೆಂದು ತಿಳಿಯುವ ಹಕ್ಕಿದೆ, ಲಕ್ನೋದ ಮುಸ್ಲಿಮನಿಗೆ ಇಲ್ಲ. ಅದೇ ವರ್ಷ ಕೇಂದ್ರ ಸರಕಾರ ಮಾಂಸ ರಫ್ತಿಗೆ ತಾನೇ ಹಲಾಲ್ ಪ್ರಮಾಣೀಕರಣದ ವ್ಯವಸ್ಥೆ ಮಾಡಿಕೊಟ್ಟಿತು. ಡಾಲರ್ ತರುವ ಹಲಾಲ್ ರಾಷ್ಟ್ರಸೇವೆ, ಊರಿನ ಕಿರಾಣಿ ಅಂಗಡಿಯ ಹಲಾಲ್ ರಾಷ್ಟ್ರದ್ರೋಹ!

ಸರಿ, ನಮ್ಮ ಮಾತು ಬಿಡಿ. ಬಹುಸಂಖ್ಯಾತರ ನಂಬಿಕೆಯಾದರೂ ಈ ಮುಚ್ಚುಮರೆಯಿಂದ ಉಳಿದಿದೆಯೇ? 2024ರ ಸೆಪ್ಟೆಂಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ತಿರುಪತಿ ಲಡ್ಡಿನ ತುಪ್ಪದಲ್ಲಿ ಪ್ರಾಣಿಯ ಕೊಬ್ಬು ಬೆರೆತಿತ್ತು ಎಂದು ಆರೋಪಿಸಿದರು. ಕೋಟ್ಯಂತರ ಭಕ್ತರ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಸಂಕಟ ನಮಗೆ ಅರ್ಥವಾಗುತ್ತದೆ, ಯಾಕೆಂದರೆ ಅದೇ ಸಂಕಟವನ್ನು ನಾವು ಪ್ರತಿ ಪ್ಯಾಕೆಟ್ಟಿನ ಮುಂದೆ ಅನುಭವಿಸುತ್ತೇವೆ. ದೇವರನ್ನು ರಾಜಕೀಯದಿಂದ ದೂರವಿಡಿ ಎಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅಕ್ಟೋಬರ್ 4ರಂದು ವಿಶೇಷ ತನಿಖಾ ತಂಡವನ್ನು ರಚಿಸಿತು. 2025ರ ಫೆಬ್ರವರಿಯಲ್ಲಿ ತುಪ್ಪ ಪೂರೈಕೆಯ ಡೇರಿಗಳಿಗೆ ಸಂಬಂಧಿಸಿದ ನಾಲ್ವರ ಬಂಧನವಾಯಿತು.

ಇದರ ನಡುವೆ ನಡೆದ ಒಂದು ಕಿಡಿಗೇಡಿತನವನ್ನು ನೆನಪಿಡಬೇಕು. ತುಪ್ಪ ಕಳಿಸಿದ್ದ ದಿಂಡಿಗಲ್‌ನ ಡೇರಿಯ ಹೆಸರಿಗೆ ಹೋಲುವ ಪಾಕಿಸ್ತಾನದ ಕಂಪೆನಿಯೊಂದರ ಸಿಬ್ಬಂದಿಯ ಪಟ್ಟಿಯನ್ನು ಹುಡುಕಿ ತೆಗೆದು, ‘ನೋಡಿ, ತಿರುಪತಿಗೆ ತುಪ್ಪ ಕೊಟ್ಟವರು ಇವರು’ ಎಂದು ಮುಸ್ಲಿಮ್ ಹೆಸರುಗಳನ್ನು ಹರಿಯಬಿಡಲಾಯಿತು. ಸುಳ್ಳು ಬಯಲಾದ ಮೇಲೆ ಎಲ್ಲರೂ ಸುಮ್ಮನಾದರು. ಡೇರಿಯ ನಿಜವಾದ ಮಾಲಕರ ಧರ್ಮವನ್ನು ಆಮೇಲೆ ಯಾರೂ ಕೇಳಲಿಲ್ಲ. ಕೇಳಬಾರದು ಕೂಡ. ಕಲಬೆರಕೆಗೆ ಧರ್ಮವಿಲ್ಲ, ಲಾಭವಿದೆ.

ಆ ಗದ್ದಲದಲ್ಲಿ ನಮ್ಮ ರಾಜ್ಯ ಸರಕಾರ ಮುಜರಾಯಿ ದೇವಸ್ಥಾನಗಳಲ್ಲಿ ನಂದಿನಿ ತುಪ್ಪವನ್ನೇ ಬಳಸಬೇಕೆಂದು ಆದೇಶಿಸಿತು. ಹಾಸನ ಹಾಲು ಒಕ್ಕೂಟಕ್ಕೆ ಬೆಳಗಾಗೆದ್ದು ಹಾಲು ಹಾಕುವವರಲ್ಲಿ ಆಲೂರು, ಸಕಲೇಶಪುರದ ಗೌಡರೂ ದಲಿತರೂ ಮುಸ್ಲಿಮರೂ ಇದ್ದಾರೆ. ಎಲ್ಲರ ಹಾಲೂ ಒಂದೇ ಕ್ಯಾನಿನಲ್ಲಿ. ಆ ತುಪ್ಪವನ್ನು ನಂಬಬಹುದಾದದ್ದು ಅದನ್ನು ಕರೆದವರ ಜಾತಿಯಿಂದಲ್ಲ. ಅದು ಎಲ್ಲಿಂದ ಬಂತೆಂದು ಹೇಳಬಲ್ಲ ಒಂದು ಸಹಕಾರಿ ವ್ಯವಸ್ಥೆ ಇರುವುದರಿಂದ.

ಬೆಳ್ಳಿ ವರಖದ ಕತೆಯಂತೂ ಇನ್ನೂ ಸ್ವಾರಸ್ಯದ್ದು. ಮದುವೆ, ಹಬ್ಬಗಳಲ್ಲಿ ಬರ್ಫಿಯ ಮೇಲೆ ಮಿನುಗುವ ಆ ತಗಡನ್ನು ಸಾಂಪ್ರದಾಯಿಕವಾಗಿ ತಯಾರಿಸುತ್ತಿದ್ದುದು ದನದ ಕರುಳಿನ ಪೊರೆಯ ಹಾಳೆಗಳ ನಡುವೆ ಬೆಳ್ಳಿಯ ಚೂರನ್ನಿಟ್ಟು ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿದು. ಬಡಿಯುತ್ತಿದ್ದವರು ಲಕ್ನೋ, ಜೈಪುರ, ಹೈದರಾಬಾದಿನ ಚಾರ್‌ಮಿನಾರ್ ಸುತ್ತಿನ ಬಡ ಮುಸ್ಲಿಮ್ ಕುಶಲಕರ್ಮಿಗಳು. ತಿನ್ನುತ್ತಿದ್ದವರು, ಮೂರ್ತಿಗಳಿಗೆ ಹಚ್ಚುತ್ತಿದ್ದವರು ಈ ದೇಶದ ಅತ್ಯಂತ ಕಟ್ಟುನಿಟ್ಟಿನ ಸಸ್ಯಾಹಾರಿಗಳು. ಪ್ರಾಣಿದಯಾ ಸಂಘಟನೆಗಳು, ಮೇನಕಾ ಗಾಂಧಿಯವರು ವರ್ಷಗಟ್ಟಲೆ ಇದರ ವಿರುದ್ಧ ಬರೆದರು; 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವರಖದ ತಯಾರಿಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಬಾರದು ಎಂದು ನಿಯಮ ಮಾಡಿತು. ಸಸ್ಯಾಹಾರಿಗಳ ಆ ಬೇಡಿಕೆ ನ್ಯಾಯವಾದದ್ದೇ, ನಾವು ಬೆಂಬಲಿಸುತ್ತೇವೆ. ಸುತ್ತಿಗೆ ಕೆಳಗಿಟ್ಟ ಆ ಬಡವರಿಗೆ ಬೇರೆ ಕೆಲಸ ಕೊಡುವ ಮಾತು ಯಾರ ಬಾಯಲ್ಲೂ ಬರಲಿಲ್ಲ ಎಂಬುದು ಬೇರೆ ವಿಷಯ. ಆದರೆ ನಮ್ಮ ಪ್ರಶ್ನೆ: ಬರ್ಫಿಯ ಮೇಲೆ ಕೂದಲೆಳೆಯಷ್ಟೂ ದಪ್ಪವಿಲ್ಲದ ತಗಡು ಯಾವುದನ್ನು ಸೋಕಿ ಬಂದಿದೆ ಎಂದು ಕೇಳುವುದು ಧರ್ಮಶ್ರದ್ಧೆಯಾದರೆ, ಮಿಠಾಯಿಯ ಒಳಗಿರುವ ಅಂಟು ಯಾವುದರದ್ದು ಎಂದು ಕೇಳುವುದು ಮತಾಂಧತೆ ಹೇಗಾಗುತ್ತದೆ?

ಇನ್ನು ನಮ್ಮವರಿಗೂ ನಾಲ್ಕು ಮಾತು ಹೇಳದೆ ಹೋದರೆ ಈ ಲೇಖನ ಅರ್ಧ ಸತ್ಯವಾದೀತು.

ವಾಟ್ಸ್‌ಆ್ಯಪಿನಲ್ಲಿ ‘ಈ ನಂಬರಿನ ಎಲ್ಲದರಲ್ಲೂ ಹಂದಿ ಇದೆ, ಹತ್ತು ಮಂದಿಗೆ ಕಳುಹಿಸಿ ಪುಣ್ಯ ಪಡೆಯಿರಿ’ ಎಂಬ ಪಟ್ಟಿ ತಿಂಗಳಿಗೊಮ್ಮೆ ಬರುತ್ತದೆ. ಅದರಲ್ಲಿ ಸೋಯಾದಿಂದ ಬಂದದ್ದೂ ಇರುತ್ತದೆ, ಸುಣ್ಣದ ಕಲ್ಲಿನಿಂದ ಬಂದದ್ದೂ ಇರುತ್ತದೆ. ಇದು ಧರ್ಮರಕ್ಷಣೆಯಲ್ಲ, ಗಾಳಿಸುದ್ದಿ. 2014ರ ಮೇ ತಿಂಗಳಲ್ಲಿ ಮಲೇಶ್ಯದಲ್ಲಿ ಎರಡು ಬಗೆಯ ಕ್ಯಾಡ್‌ಬರಿ ಚಾಕೊಲೇಟುಗಳಲ್ಲಿ ಹಂದಿಯ ಡಿಎನ್‌ಎ ಕುರುಹು ಕಂಡಿತೆಂದು ಸುದ್ದಿಯಾದಾಗ ಜಿಹಾದಿಗೆ ಕರೆ ಕೊಟ್ಟವರೂ ಇದ್ದರು. ಕೆಲವೇ ದಿನಗಳಲ್ಲಿ ಅಲ್ಲಿನ ಸರಕಾರಿ ಇಸ್ಲಾಮಿಕ್ ಇಲಾಖೆಯೇ ಮರುಪರೀಕ್ಷೆ ಮಾಡಿಸಿ ಅಂತಹದ್ದೇನೂ ಇಲ್ಲವೆಂದಿತು. 2021ರ ಜುಲೈಯಲ್ಲಿ ಅದೇ ಕಂಪೆನಿಯ ವಿದೇಶಿ ಜಾಲತಾಣದ ಒಂದು ತುಣುಕನ್ನು ಹಿಡಿದು ಭಾರತದಲ್ಲಿ ‘ಗೋಮಾಂಸದ ಚಾಕೊಲೇಟ್’ ಎಂದು ಬೊಬ್ಬೆ ಹಾಕಿದವರು ಇನ್ನೊಂದು ಕಡೆಯವರು. ಭಾರತದಲ್ಲಿ ಮಾರುವ ನಮ್ಮ ಪದಾರ್ಥಗಳೆಲ್ಲ ಸಸ್ಯಾಹಾರಿ ಎಂದು ಕಂಪೆನಿ ಸ್ಪಷ್ಟನೆ ಕೊಟ್ಟಿತು. ಹಂದಿಯ ವದಂತಿ ನಮ್ಮವರ ಮೊಬೈಲಿನಲ್ಲಿ, ದನದ ವದಂತಿ ಅವರ ಮೊಬೈಲಿನಲ್ಲಿ. ಲೇಬಲ್ಲಿನಲ್ಲಿ ಸತ್ಯ ಬರೆದಿರದ ಕಡೆ ವದಂತಿಯೇ ಲೇಬಲ್ ಆಗುತ್ತದೆ.

ಇನ್ನೊಂದು, ನಮ್ಮಲ್ಲಿಯೇ ಇರುವ ಅಭಿಪ್ರಾಯಭೇದವನ್ನು ಗೌರವಿಸುವುದು. ಒಂದು ವಸ್ತು ತನ್ನ ಗುಣವನ್ನೇ ಪೂರ್ತಿ ಬದಲಿಸಿಕೊಂಡರೆ ಅದರ ವಿಧಿಯೂ ಬದಲಾಗುತ್ತದೆ ಎಂಬ ‘ಇಸ್ತಿಹಾಲ’ ತತ್ವವನ್ನು ಹನಫಿ ವಿದ್ವಾಂಸರು ವಿಸ್ತಾರವಾಗಿ ಒಪ್ಪುತ್ತಾರೆ. ಶಾಫಿಈಗಳು ತಾನಾಗಿ ವಿನೆಗರ್ ಆದ ಮದ್ಯ, ಹದಮಾಡಿದ ಚರ್ಮ ಮುಂತಾದ ಕೆಲವಕ್ಕಷ್ಟೇ ಸೀಮಿತಗೊಳಿಸುತ್ತಾರೆ. ಜಿಲೆಟಿನ್ ನಿಜಕ್ಕೂ ಬದಲಾದ ವಸ್ತುವೇ, ಅಲ್ಲವೇ ಎಂಬುದರಲ್ಲೇ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಸಕಲೇಶಪುರದಲ್ಲಿ ಉರ್ದು ಮಾತಾಡುವ ಹನಫಿಗಳೂ ಇದ್ದಾರೆ, ಬ್ಯಾರಿ-ಮಲಯಾಳ ಮಾತಾಡುವ ಶಾಫಿಈಗಳೂ ಇದ್ದಾರೆ. ಒಂದೇ ಮಿಠ್ಠಾಯಿಗೆ ಎರಡು ಮಸೀದಿಗಳಿಂದ ಎರಡು ಉತ್ತರ ಬಂದರೆ ಅದು ಜಗಳಕ್ಕೆ ಕಾರಣವಾಗಬಾರದು. 2001ರಲ್ಲಿ ಇಂಡೋನೇಶ್ಯದಲ್ಲಿ ಅಜಿನೊಮೊಟೊ ತಯಾರಿಯ ಒಂದು ಹಂತದಲ್ಲಿ ಹಂದಿಯ ಮೂಲದ ಕಿಣ್ವ ಬಳಸಲಾಗಿದೆ ಎಂದು ಅಲ್ಲಿನ ಉಲಮಾ ಮಂಡಳಿ ಹರಾಮ್ ಎಂದಿತು. ಸ್ವತಃ ವಿದ್ವಾಂಸರಾಗಿದ್ದ ರಾಷ್ಟ್ರಾಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಅವರು ಅಂತಿಮ ಪದಾರ್ಥದಲ್ಲಿ ಅದಿಲ್ಲ, ಹಲಾಲೇ ಎಂದರು. ಇಬ್ಬರೂ ಮುಸ್ಲಿಮರಾಗಿಯೇ ಉಳಿದರು. ಆದರೆ ಯಾವ ಮುಫ್ತಿ ಯಾವ ತೀರ್ಪು ಕೊಡಬೇಕಾದರೂ ಮೊದಲು ಒಳಗೆ ಏನಿದೆ ಎಂದು ಗೊತ್ತಾಗಬೇಕಲ್ಲ!

ಕುರಾನ್ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ. ಒಳ್ಳೆಯದು, ಶುದ್ಧವಾದದ್ದು. ಜಿಲೆಟಿನ್ನಿಗೆ ಬೆಚ್ಚುವ ನಾವು ರಮಝಾನಿನ ಸಂಜೆ ಬಟ್ಟೆಗೆ ಹಾಕುವ ಬಣ್ಣದಲ್ಲಿ ಅದ್ದಿದ ಕಬಾಬನ್ನು ‘ಹಲಾಲ್’ ಎಂದು ಮಕ್ಕಳಿಗೆ ತಿನ್ನಿಸಿದ್ದೇವೆ. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಬಾಂಬೆ ಮಿಠಾಯಿಗೆ ಹಾಕುವ ರೋಡಮೈನ್-ಬಿ ಬಣ್ಣವನ್ನು, ಗೋಬಿ ಮಂಚೂರಿಯ ಕೃತಕ ಬಣ್ಣವನ್ನು, ಜೂನ್‌ನಲ್ಲಿ ಕಬಾಬಿನ ಬಣ್ಣವನ್ನು ನಿಷೇಧಿಸಿತು. ಇದಕ್ಕೆ ಮೊದಲ ಸ್ವಾಗತ ನಮ್ಮ ಜಮಾಅತ್‌ಗಳಿಂದ ಬರಬೇಕಿತ್ತು.

ಕೇಳುವ ಹಕ್ಕಿಗೂ ತಡೆಯುವ ಹಟಕ್ಕೂ ಇರುವ ಗೆರೆಯನ್ನು ಅಳಿಸುವುದು ಈಗ ಸುಲಭದ ರಾಜಕೀಯ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿತ್ತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ಶೇಂಗಾ ಚಿಕ್ಕಿಯೂ ಸೇರಿತು. ಆದರೂ ‘ಪಕ್ಕದವನೂ ತಿನ್ನಬಾರದು’ ಎಂಬುದು ಬೇಡಿಕೆ. ಗಂಗಾವತಿಯ ಒಬ್ಬ ಶಾಲಾ ಹುಡುಗಿ ಅದಕ್ಕೆ ಕೊಟ್ಟ ಖಾರವಾದ ಉತ್ತರವನ್ನು ನಾಡೆಲ್ಲ ನೋಡಿತು. ನಮ್ಮ ಬೇಡಿಕೆ ಆ ಜಾತಿಯದಲ್ಲ. ಹಂದಿ ತಿನ್ನುವವನು ತಿನ್ನಲಿ, ಅದು ಅವನ ತಟ್ಟೆ. ಹಂದಿಯ ಜಿಲೆಟಿನ್ ಹಾಕಿದ ಮಿಠಾಯಿಯನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಹೆಸರು ಬರೆಯಿರಿ ಎಂದಷ್ಟೇ. ಇದನ್ನು ಮಡಿ-ಮೈಲಿಗೆ ಎಂದು ಹೀಯಾಳಿಸುವ ಕೆಲವು ಪ್ರಗತಿಪರ ಮಿತ್ರರಿಗೂ ಈ ಮಾತು ಅನ್ವಯಿಸುತ್ತದೆ. ಮೈಲಿಗೆ ಎಂದರೆ ಇನ್ನೊಬ್ಬ ಮನುಷ್ಯನನ್ನು ದೂರವಿಡುವುದು. ನಾವು ದೂರವಿಡಲು ಬಯಸುವುದು ನಮ್ಮ ಬಾಯಿಂದ ಒಂದು ಪದಾರ್ಥವನ್ನು.

ಇಂತಹ ಹೋರಾಟ ಗೆದ್ದದ್ದೂ ಉಂಟು. 2007ರ ಮೇ ತಿಂಗಳಲ್ಲಿ ಬ್ರಿಟನ್ನಿನ ಮಾರ್ಸ್ ಚಾಕೊಲೇಟ್ ಕಂಪೆನಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿ ಮಾಡಿದ ಹಾಲಿನ ಅಂಶವನ್ನು ಸೇರಿಸುವುದಾಗಿ ಪ್ರಕಟಿಸಿತು. ಸಸ್ಯಾಹಾರಿ ಸಂಘದ ಮುಂದಾಳ್ತನದಲ್ಲಿ ಸಾವಿರಾರು ಜನ ಕಾಗದ ಬರೆದರು, ಫೋನು ಮಾಡಿದರು. ವಾರ ಕಳೆಯುವಷ್ಟರಲ್ಲಿ ಕಂಪೆನಿ ಕ್ಷಮೆ ಕೇಳಿ ಹಿಂದೆ ಸರಿಯಿತು. ಯಾರ ಅಂಗಡಿಯ ಗಾಜೂ ಒಡೆಯಲಿಲ್ಲ. ಅಮೆರಿಕದಲ್ಲಿ ಆಲೂಗಡ್ಡೆ ಫ್ರೈಗೆ ದನದ ಮಾಂಸದ ಸಾರ ಬಳಸಿ ಹೇಳದೆ ಮುಚ್ಚಿಟ್ಟ ಮೆಕ್‌ಡೊನಾಲ್ಡ್ಸ್ ಮೇಲೆ 2001ರಲ್ಲಿ ಅಲ್ಲಿನ ಭಾರತೀಯ ಮೂಲದ ವಕೀಲರೊಬ್ಬರು ದಾವೆ ಹೂಡಿದರು. 2002ರಲ್ಲಿ ಕಂಪೆನಿ ತಪ್ಪೊಪ್ಪಿ 1 ಕೋಟಿ ಡಾಲರ್ ಕೊಡಲು ಒಪ್ಪಿತು.

ನಮ್ಮಲ್ಲೂ ಕಾನೂನಿನ ಬಾಗಿಲು ತೆರೆದೇ ಇದೆ. 2021ರ ಡಿಸೆಂಬರ್ 9ರಂದು ದಿಲ್ಲಿ ಹೈಕೋರ್ಟು ಕೊಟ್ಟ ತೀರ್ಪನ್ನು ನಮ್ಮವರಲ್ಲಿ ಎಷ್ಟು ಮಂದಿ ಓದಿದ್ದಾರೆ? ಆಹಾರದಲ್ಲಿ ಬಳಸಿದ ಪ್ರತಿಯೊಂದು ಪದಾರ್ಥದ ಮೂಲವನ್ನು, ಅದು ಗಿಡದ್ದೋ, ಪ್ರಾಣಿಯದೋ, ಪ್ರಯೋಗಾಲಯದ್ದೋ ಎಂದು, ಅದರ ಪ್ರಮಾಣ ಎಷ್ಟೇ ಸಣ್ಣದಾಗಿದ್ದರೂ, ತಿಳಿಸಲೇಬೇಕು. ಬರೀ ಅಂಕಿ ಬರೆದರೆ ಸಾಲದು. ತಿಳಿಸದಿರುವುದು ಸಂವಿಧಾನದ 21 ಮತ್ತು 25ನೇ ವಿಧಿಗಳ ಉಲ್ಲಂಘನೆ ಎಂದು ಅದು ಹೇಳಿತು. ಈ ಅರ್ಜಿ ಹಾಕಿದವರು ಯಾರು ಗೊತ್ತೇ? ರಾಮ್ ಗೌವಾ ರಕ್ಷಾ ದಳ ಎಂಬ ಗೋರಕ್ಷಣಾ ಸಂಸ್ಥೆ. ಅವರ ರಾಜಕೀಯ ಏನೇ ಇರಲಿ, ಅವರು ಗೆದ್ದುಕೊಂಡ ಹಕ್ಕು ನಮ್ಮದೂ ಹೌದು. ಹಲಾಲ್ ಎಂದರೆ ಉರಿದುಬೀಳುವವರು ಆ ತೀರ್ಪನ್ನೊಮ್ಮೆ ಓದಲಿ. ಗೋರಕ್ಷಕರು ನ್ಯಾಯಾಲಯದಲ್ಲಿ ಬೇಡಿದ್ದು ಹಲಾಲ್ ಮುದ್ರೆ ಕೊಡುವ ಮಾಹಿತಿಯನ್ನೇ, ಇನ್ನೂ ವಿವರವಾಗಿ.

ಆ ತೀರ್ಪಿಗೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. ‘ಪ್ರಾಣಿ’ ಎಂದರೆ ಸಾಲದು, ಯಾವ ಪ್ರಾಣಿ ಎಂದು ಬರೆಯಬೇಕು. ಬರೆಯುವುದು ಕನ್ನಡದಲ್ಲಿ ಇರಬೇಕು. ಕೇಂದ್ರದ ನಿಯಮದಂತೆ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು. ಕನ್ನಡ ಕಂಪೆನಿಯ ಮರ್ಜಿ. ರಾಜ್ಯದಲ್ಲಿ ತಯಾರಾಗುವ ಪದಾರ್ಥಗಳ ಮೇಲೆ ಕನ್ನಡದಲ್ಲೂ ಹೆಸರು, ವಿವರ ಇರಬೇಕೆಂದು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸೂಚಿಸಿದೆ. ಕನ್ನಡ ಸಂಘಗಳಿಗೆ ಬೋರ್ಡಿಗೆ ಮಸಿ ಬಳಿಯುವುದಕ್ಕಿಂತ ಹೆಚ್ಚು ಕೆಲಸ ಈ ಪ್ಯಾಕೆಟ್ಟಿನ ಬೆನ್ನ ಮೇಲೆ ಕಾದಿದೆ. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕೆಂದು ಬರೆದಿಡಬೇಕು ಎಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತ್ತು. ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಲು ಎಷ್ಟು ಖರ್ಚು? ಸಕಲೇಶಪುರ, ಆಲೂರಿನ ಬೇಕರಿ ಮಾಲಕರು ತಾವು ತರಿಸುವ ಪ್ಯಾಕೆಟ್ಟುಗಳ ಕಂಪೆನಿಗೆ ಒಂದು ಕಾಗದ ಬರೆಯಲಿ: ಇದು ಯಾವುದರದ್ದು, ಲಿಖಿತವಾಗಿ ತಿಳಿಸಿ. ಆ ಕಾಗದದ ಕೆಳಗೆ ಮಸೀದಿ ಕಮಿಟಿಯ ಸಹಿಯೂ ಇರಲಿ, ದೇವಸ್ಥಾನ ಸಮಿತಿಯದೂ ಇರಲಿ, ಚರ್ಚಿನವರು ಬಂದರೆ ಅವರದೂ ಇರಲಿ.

ಜಿಲೆಟಿನ್ ಇಲ್ಲದೆ ಮಿಠಾಯಿಯೇ ಆಗದು ಎನ್ನುವ ಕಂಪೆನಿಯವರು ನಮ್ಮ ಮನೆಗಳಿಗೆ ರಮಝಾನಿನಲ್ಲಿ ಬರಲಿ. ಕಡಲಪಾಚಿಯ ಚೈನಾ ಗ್ರಾಸನ್ನು ಹಾಲಿನಲ್ಲಿ ಕುದಿಸಿ ತಟ್ಟೆಗೆ ಹೊಯ್ದು ನಮ್ಮ ತಾಯಂದಿರು ಎಷ್ಟೋ ವರ್ಷದಿಂದ ಜೆಲ್ಲಿ ಮಾಡುತ್ತಿದ್ದಾರೆ. ಕಿತ್ತಳೆ, ನಿಂಬೆಯ ಸಿಪ್ಪೆಯಿಂದ ಪೆಕ್ಟಿನ್ ಬರುತ್ತದೆ. ಹಸಿರು ಚುಕ್ಕೆಯ ಜೆಲ್ಲಿ ಮಿಠಾಯಿಗಳಲ್ಲಿ ಇರುವುದು ಇಂಥವೇ. ದರ ಒಂದಿಷ್ಟು ಹೆಚ್ಚಾಗುತ್ತದೆ, ಕಚ್ಚಿದಾಗ ಜಗಿತ ಕೊಂಚ ಕಡಿಮೆಯಾಗುತ್ತದೆ. ಕಂಪೆನಿಗಳ ನಿಜವಾದ ಅಡ್ಡಿ ಅದೊಂದೇ.